ಮೂರು ವ್ಯವಸ್ಥೆಗಳಿಗೆ ಬೂಟ್ ಲೋಡರ್ ಹೊಂದಿಸಿದ ಬಗೆ

ನನ್ನ ಲ್ಯಾಪ್‌ಟಾಪಿನ 512 ಜಿಬಿ ಡಿಸ್ಕಿನಲ್ಲಿ ಈಗ ವಿಂಡೋಸ್ 10, ಡೆಬಿಯನ್ 12 ಮತ್ತು ಫೆಡೋರಾ ಎಂಬ ಮೂರು ಕಾರ್ಯಾಚರಣ ವ್ಯವಸ್ಥೆಗಳಿವೆ. ಡೆಬಿಯನ್, ಫೆಡೋರಾ ಎರಡೂ ಲಿನಕ್ಸಿನ ವಿತರಣೆಗಳು, ಅಂದರೆ ಲಿನಕ್ಸನ್ನು ಸಿದ್ಧಪಡಿಸಿ ಹಂಚುವ ರೂಪಗಳು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು, ನನ್ನ ಯಂತ್ರದ ಪ್ರೊಸೆಸರ್ ವಿಂಡೋಸ್ 11ಕ್ಕೆ ಬೇಕಾದವುಗಳ ಪಟ್ಟಿಯಲ್ಲಿಲ್ಲ. ಆದರೂ ವಿಂಡೋಸನ್ನು ಅಳಿಸಿ ಹಾಕುವ ಸ್ಥಿತಿಯಲ್ಲಿ ನಾನಿಲ್ಲ. ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಅಕ್ಷರ ಜೋಡಿಸಿ ಪೇಜ್‌ಮೇಕರಿನಲ್ಲಿ ಪುಟ ಕಟ್ಟಿದ ಪುಸ್ತಕಗಳ ಕಡತಗಳು ನನ್ನ ಬಳಿ ಇವೆ. ಅವು ಯುನಿಕೋಡ್ ಬಳಕೆಗೆ ಬರುವ ಮೊದಲಿನ ಸಂಕೇತ ಕ್ರಮದಲ್ಲಿರುವುದರಿಂದ, ಆ ಅಕ್ಷರಶೈಲಿಯಿಲ್ಲದ ಕಡೆ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿದಂತೆ ಕಾಣುತ್ತವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ. ಮರುಮುದ್ರಣ ಬೇಕೆಂದು ಲೇಖಕರು ಕೇಳಿದಾಗ ಆ ಕಡತ ಅದೇ ತಂತ್ರಾಂಶದಲ್ಲಿ, ಅದೇ ಪುಟಸಂಖ್ಯೆಯೊಂದಿಗೆ ತೆರೆದುಕೊಳ್ಳಬೇಕು. ಹಾಗಾಗಿ ವಿಂಡೋಸನ್ನು ಅಂತರ್ಜಾಲದಿಂದ ದೂರವಿಟ್ಟು ಉಳಿಸಿಕೊಂಡಿದ್ದೇನೆ. ದಿನನಿತ್ಯದ ಬರವಣಿಗೆ, ಬ್ಯಾಂಕು, ಪತ್ರವ್ಯವಹಾರವೆಲ್ಲ ಡೆಬಿಯನ್ನಿನಲ್ಲಿ ನಡೆಯುತ್ತವೆ. ಹೊಸ ತಂತ್ರಾಂಶಗಳನ್ನು ಪರೀಕ್ಷಿಸಿ ನೋಡಲು ಫೆಡೋರಾ ಇದೆ.

ಲಿನಕ್ಸಿನೊಳಗೇ ತಂತ್ರಾಂಶ ಕಟ್ಟಿಕೊಡುವ ವರ್ಚುವಲ್ ಯಂತ್ರದೊಳಗೆ ವಿಂಡೋಸ್ ಇಟ್ಟುಕೊಳ್ಳಬಹುದಲ್ಲ ಎಂದು ಗೆಳೆಯರು ಕೇಳಿದ್ದುಂಟು. ಈ ಯಂತ್ರದಲ್ಲಿರುವ 8 ಜಿಬಿ ಮೆಮೊರಿಯನ್ನು ಇಬ್ಬರಿಗೆ ಹಂಚಿದರೆ ಇಬ್ಬರೂ ಕುಂಟುತ್ತಾರೆ. ಅದೂ ಅಲ್ಲದೆ ನನ್ನ ಹಳೆಯ ಪ್ರಿಂಟರಿಗೆ ನೇರ ಸಂಪರ್ಕವೇ ಬೇಕು. ಆದ್ದರಿಂದ ಯಂತ್ರವನ್ನು ಚಾಲೂ ಮಾಡಿದಾಗಲೇ ಯಾವ ವ್ಯವಸ್ಥೆ ಬೇಕೆಂದು ಆರಿಸಿಕೊಳ್ಳುವ ದಾರಿಯನ್ನು ಹಿಡಿದೆ. ಆ ಆಯ್ಕೆಯನ್ನು ನಡೆಸಿಕೊಡುವ ಪುಟ್ಟ ತಂತ್ರಾಂಶವೇ ಬೂಟ್ ಲೋಡರ್. ಅದನ್ನು ಹೊಂದಿಸುವ ಕೆಲಸದಲ್ಲಿ ಹಲವರು ಎಡವುವುದನ್ನು ಕಂಡಿದ್ದೇನೆ, ನಾನೂ ಎಡವಿದ್ದೇನೆ. ಅಂತರ್ಜಾಲದಲ್ಲಿ ಸಿಕ್ಕ ಆಜ್ಞೆಗಳನ್ನು ಒಂದರ ಹಿಂದೆ ಒಂದು ಟೈಪ್ ಮಾಡುವ ಬದಲು, ಯಂತ್ರ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡಿದ್ದರೆ ಆ ಎಡವುಗಳಲ್ಲಿ ಹೆಚ್ಚಿನವು ಆಗುತ್ತಲೇ ಇರಲಿಲ್ಲ. ಆಜ್ಞೆಗಳ ಮತ್ತು ಕಡತಗಳ ಹೆಸರನ್ನು ಇಲ್ಲಿ ಉಚ್ಚಾರಣೆಗೆ ತಕ್ಕಂತೆ ಕನ್ನಡದಲ್ಲಿ ಬರೆದಿದ್ದೇನೆ. ಯಂತ್ರದಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

ಹಳೆಯ ಯಂತ್ರಗಳ ವಿಷಯದಿಂದ ಆರಂಭಿಸುತ್ತೇನೆ, ಏಕೆಂದರೆ ಇಂದಿಗೂ ಚಾಲ್ತಿಯಲ್ಲಿರುವ ಹೆಚ್ಚಿನ ಭಯಗಳು ಹುಟ್ಟಿದ್ದು ಅಲ್ಲಿ. ಬಯೋಸ್ (ಮದರ್‌ಬೋರ್ಡಿನಲ್ಲೇ ಇದ್ದು ಯಂತ್ರವನ್ನು ಏಳಿಸುವ ಮೊದಲ ತಂತ್ರಾಂಶ) ಇದ್ದ ಯಂತ್ರಗಳಲ್ಲಿ ವಿದ್ಯುತ್ ಹರಿದ ಕೂಡಲೇ ಬಯೋಸ್ ತನ್ನ ಪರೀಕ್ಷೆಗಳನ್ನು ಮುಗಿಸಿ, ಡಿಸ್ಕಿನ ಮೊಟ್ಟಮೊದಲ ಸೆಕ್ಟರನ್ನು (ಡಿಸ್ಕಿನ ಸಣ್ಣ ತುಂಡನ್ನು) ಮೆಮೊರಿಗೆ ತಂದು, ಅದರಲ್ಲಿ ಏನಿದೆಯೋ ಅದಕ್ಕೆ ಅಧಿಕಾರ ಕೊಟ್ಟುಬಿಡುತ್ತಿತ್ತು. ಆ ಸೆಕ್ಟರಿನ ಅಳತೆ 512 ಬೈಟು. ಅದರಲ್ಲಿ 64 ಬೈಟು ಪಾರ್ಟಿಷನ್‌ಗಳ, ಅಂದರೆ ಡಿಸ್ಕಿನ ವಿಭಾಗಗಳ, ಪಟ್ಟಿಗೆ, ಕೊನೆಯ 2 ಬೈಟು ಗುರುತಿನ ಚಿಹ್ನೆಗೆ ಹೋದರೆ ಬೂಟ್ ಲೋಡರಿಗೆ ಉಳಿಯುತ್ತಿದ್ದುದು 446 ಬೈಟು ಮಾತ್ರ. ಈ ಪ್ಯಾರಾದ ಪಠ್ಯವನ್ನೇ ಯುನಿಕೋಡಿನಲ್ಲಿ ಉಳಿಸಿದರೂ ಅಷ್ಟು ಜಾಗ ಸಾಲುವುದಿಲ್ಲ. ಪಾರ್ಟಿಷನ್ ಪಟ್ಟಿಯಲ್ಲಿ ತಲಾ 16 ಬೈಟಿನ ನಾಲ್ಕೇ ಸಾಲುಗಳಿದ್ದುದರಿಂದ ಮುಖ್ಯ ಪಾರ್ಟಿಷನ್‌ಗಳೂ ನಾಲ್ಕೇ. ಸೆಕ್ಟರಿನ ವಿಳಾಸಕ್ಕೆ 32 ಬಿಟ್ ಮೀಸಲಾಗಿದ್ದುದರಿಂದ ಸುಮಾರು 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿಯಾಗಿ ಬಳಸಲು ಆಗುತ್ತಿರಲಿಲ್ಲ.

ನಾನು ಮೊದಲು ಬಳಸಿದ ಲಿನಕ್ಸ್ ಬೂಟ್ ಲೋಡರ್ ಲಿಲೋ. ಅದಕ್ಕೆ ಕಡತ ವ್ಯವಸ್ಥೆಯನ್ನು (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮವನ್ನು) ಓದುವ ಶಕ್ತಿ ಇರಲಿಲ್ಲ. ವ್ಯವಸ್ಥೆಯ ತಿರುಳಾದ ಕರ್ನಲ್ ಡಿಸ್ಕಿನ ಯಾವ ಯಾವ ಬ್ಲಾಕಿನಲ್ಲಿದೆ ಎಂಬುದನ್ನು ಮೊದಲೇ ಒಂದು ನಕ್ಷೆಯಾಗಿ ಬರೆದಿಟ್ಟುಕೊಂಡು, ಮುಂದಿನ ಸಲ ಕಣ್ಣು ಮುಚ್ಚಿ ಆ ಬ್ಲಾಕುಗಳನ್ನು ಎತ್ತಿಕೊಳ್ಳುತ್ತಿತ್ತು. ಕರ್ನಲ್ ಬದಲಾದ ಮೇಲೆ ಲಿಲೋ ಆಜ್ಞೆಯನ್ನು ಮತ್ತೆ ನಡೆಸಲು ಮರೆತರೆ ಯಂತ್ರ ಏಳುತ್ತಿರಲಿಲ್ಲ. ತೆರೆಯ ಮೇಲೆ ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಮೂಡಿಸುವುದು ಅದರ ಪದ್ಧತಿ. ಯಾವ ಅಕ್ಷರಕ್ಕೆ ನಿಂತಿತು ಎಂಬುದರಿಂದ ಎಲ್ಲಿ ಕೆಟ್ಟಿದೆ ಎಂದು ಊಹಿಸಬೇಕಾಗಿತ್ತು. ಎರಡನೆಯ ಅಕ್ಷರಕ್ಕೆ ನಿಂತ ತೆರೆಯ ಮುಂದೆ ನಾನು ಒಂದು ಇಡೀ ರಾತ್ರಿ ಕುಳಿತಿದ್ದೇನೆ.

ಗ್ರಬ್ ಎಂಬ ಬೂಟ್ ಲೋಡರ್ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿತು. 1995ರಲ್ಲಿ ಎರಿಕ್ ಬೋಲಿನ್ ಎಂಬವರು ಗ್ನೂ ಹರ್ಡ್ ವ್ಯವಸ್ಥೆಯನ್ನು ಏಳಿಸಲೆಂದು ಆರಂಭಿಸಿದ ತಂತ್ರಾಂಶ ಅದು. 1999ರಲ್ಲಿ ಗ್ನೂ ಎಂಬ ಮುಕ್ತ ತಂತ್ರಾಂಶ ಯೋಜನೆಯ ಅಧಿಕೃತ ಭಾಗವಾಯಿತು. ಮೊದಲ ಸೆಕ್ಟರಿನಲ್ಲಿ ಅದು ಇಡುವುದು ತನ್ನ ಮುಂದಿನ ತುಂಡು ಎಲ್ಲಿದೆ ಎಂದು ತೋರಿಸುವಷ್ಟು ಸಂಕೇತವನ್ನು ಮಾತ್ರ. ಮೊದಲ ಸೆಕ್ಟರಿಗೂ ಮೊದಲ ಪಾರ್ಟಿಷನ್ನಿಗೂ ನಡುವೆ ಖಾಲಿ ಬಿದ್ದಿರುವ ಜಾಗದಲ್ಲಿ ಎರಡನೆಯ ತುಂಡು ಕೂರುತ್ತದೆ, ಮತ್ತು ಅದಕ್ಕೆ ಕಡತ ವ್ಯವಸ್ಥೆಯನ್ನು ಓದಲು ಬರುತ್ತದೆ. ಆದ್ದರಿಂದ ಕರ್ನಲ್ ಬದಲಾದರೆ ಮೆನುವಿನ ಕಡತ ಬದಲಾದರೆ ಸಾಕು. ಆದರೆ ಹಳೆಯ ಡಿಸ್ಕುಗಳಲ್ಲಿ ಮೊದಲ ಪಾರ್ಟಿಷನ್ 63ನೆಯ ಸೆಕ್ಟರಿನಿಂದ ಆರಂಭವಾಗುತ್ತಿದ್ದುದರಿಂದ ಆ ಖಾಲಿ ಜಾಗ ಸುಮಾರು 31 ಕೆಬಿಯಷ್ಟೇ ಇರುತ್ತಿತ್ತು, ಮತ್ತು ಅದು ಯಾರಿಗೂ ಸೇರಿದ್ದಲ್ಲ ಎಂಬ ಕಾರಣಕ್ಕೆ ಕೆಲವು ದುಬಾರಿ ತಂತ್ರಾಂಶಗಳು ತಮ್ಮ ಪರವಾನಗಿಯ ಮಾಹಿತಿಯನ್ನೂ ಅಲ್ಲಿಯೇ ಬಚ್ಚಿಡುತ್ತಿದ್ದವು. ಇದೆಲ್ಲದರ ಒಟ್ಟು ಪರಿಣಾಮವೇನೆಂದರೆ, ಬಯೋಸ್ ಕಾಲದಲ್ಲಿ ಡಿಸ್ಕಿಗೆ ಇದ್ದದ್ದು ಒಂದೇ ಕುರ್ಚಿ. ಕೊನೆಗೆ ಬಂದವನು ಅದರಲ್ಲಿ ಕೂರುತ್ತಿದ್ದ, ಮೊದಲಿನವನನ್ನು ಎಬ್ಬಿಸುತ್ತಿದ್ದ. ಲಿನಕ್ಸಿನ ಮೇಲೆ ವಿಂಡೋಸ್ ಹಾಕಿದರೆ ಲಿನಕ್ಸ್ ಕಾಣೆಯಾಗುತ್ತದೆ ಎಂಬ ಮಾತು ಅಲ್ಲಿಂದ ಬಂದದ್ದು.

ಬಯೋಸಿನ ಜಾಗಕ್ಕೆ ಯುಇಎಫ್‌ಐ ಬಂದ ಮೇಲೆ ಈ ಚಿತ್ರ ಪೂರ್ತಿ ಬದಲಾಯಿತು, ಆದರೆ ನಮ್ಮ ಅಭ್ಯಾಸಗಳು ಅಷ್ಟು ಬೇಗ ಬದಲಾಗಲಿಲ್ಲ. ಯುಇಎಫ್‌ಐ ಫರ್ಮ್‌ವೇರಿಗೆ, ಅಂದರೆ ಮದರ್‌ಬೋರ್ಡಿನಲ್ಲಿ ನೆಲೆಸಿದ ತಂತ್ರಾಂಶಕ್ಕೆ, ಫ್ಯಾಟ್ ಎಂಬ ಕಡತ ವ್ಯವಸ್ಥೆಯನ್ನು ಓದಲು ಬರುತ್ತದೆ. ಡಿಸ್ಕಿನಲ್ಲಿ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಸಣ್ಣ ವಿಭಾಗವೊಂದು ಇರುತ್ತದೆ. ಇಎಸ್‌ಪಿ ಎಂಬುದು ಅದರ ಚುಟುಕು ಹೆಸರು. ಅದರೊಳಗೆ ಇಎಫ್‌ಐ ಎಂಬ ಫೋಲ್ಡರ್, ಅದರೊಳಗೆ ಪ್ರತಿಯೊಂದು ವ್ಯವಸ್ಥೆಗೂ ಅದರದೇ ಹೆಸರಿನ ಫೋಲ್ಡರ್. ನನ್ನ ಯಂತ್ರದಲ್ಲಿ ಮೈಕ್ರೋಸಾಫ್ಟ್, ಡೆಬಿಯನ್, ಫೆಡೋರಾ ಎಂಬ ಮೂರು ಫೋಲ್ಡರುಗಳು ಅಕ್ಕಪಕ್ಕದಲ್ಲಿವೆ, ಒಂದರ ಕಡತವನ್ನು ಇನ್ನೊಂದು ಮುಟ್ಟುವುದಿಲ್ಲ. ಇವುಗಳ ಜೊತೆ ಬೂಟ್ ಎಂಬ ನಾಲ್ಕನೆಯ ಫೋಲ್ಡರ್ ಇದೆ. ಫರ್ಮ್‌ವೇರಿಗೆ ಬೇರೆ ಯಾವ ಸೂಚನೆಯೂ ಸಿಗದಿದ್ದಾಗ ಅದು ಹುಡುಕಿಕೊಂಡು ಬರುವ ಬೂಟ್‌ಎಕ್ಸ್64 ಎಂಬ ಕಡತ ಅದರಲ್ಲಿರುತ್ತದೆ.

ಇನ್ನೊಂದು ಭಾಗ ಡಿಸ್ಕಿನಲ್ಲೇ ಇಲ್ಲ. ಮದರ್‌ಬೋರ್ಡಿನ ಮೇಲಿರುವ, ವಿದ್ಯುತ್ ಹೋದರೂ ಅಳಿಯದ ಮೆಮೊರಿಯಲ್ಲಿ ಫರ್ಮ್‌ವೇರ್ ಒಂದು ಪಟ್ಟಿಯನ್ನು ಇಟ್ಟುಕೊಂಡಿರುತ್ತದೆ. ಪಟ್ಟಿಯ ಒಂದೊಂದು ನಮೂದಿಗೂ ಒಂದು ಸಂಖ್ಯೆ, ಒಂದು ಹೆಸರು, ಯಾವ ಪಾರ್ಟಿಷನ್ನಿನ ಯಾವ ಕಡತ ಎಂಬ ವಿಳಾಸ ಇರುತ್ತವೆ. ಯಾವುದನ್ನು ಮೊದಲು ಪ್ರಯತ್ನಿಸಬೇಕು ಎಂಬ ಅನುಕ್ರಮವೂ ಅಲ್ಲಿಯೇ ಇರುತ್ತದೆ. ಲಿನಕ್ಸಿನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಎಂಬ ಆಜ್ಞೆ ಕೊಟ್ಟರೆ ಈ ಪಟ್ಟಿ ಕಾಣುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಕಲಿಯಬೇಕಾದ ಮೊದಲ ಆಜ್ಞೆ ಅದೇ, ಏಕೆಂದರೆ ಯಂತ್ರ ಏಳಲಿಲ್ಲ ಎಂಬ ದೂರು ಬಂದಾಗ ಡಿಸ್ಕಿನ ಕಡತ ಹೋಗಿದೆಯೋ ಮದರ್‌ಬೋರ್ಡಿನ ನಮೂದು ಹೋಗಿದೆಯೋ ಎಂದು ಬೇರ್ಪಡಿಸಿ ನೋಡಲು ಅದೇ ಸುಲಭದ ದಾರಿ. ಮೊದಲನೆಯದು ಸ್ವಲ್ಪ ದೊಡ್ಡ ಕೆಲಸ, ಎರಡನೆಯದು ಒಂದು ಸಾಲಿನ ಕೆಲಸ.

ಹೊಂದಿಸುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಗೆ ನಾನು ಒಂದು ಇಡೀ ಭಾನುವಾರ ಕೊಟ್ಟೆ. ಮೊದಲಿಗೆ, ಇರುವ ವಿಂಡೋಸ್ ಯಾವ ಬಗೆಯಲ್ಲಿ ಏಳುತ್ತಿದೆ ಎಂದು ನೋಡಬೇಕು. ವಿಂಡೋಸಿನ ಸಿಸ್ಟಂ ಇನ್‌ಫರ್ಮೇಷನ್ ಪುಟದಲ್ಲಿ ಬಯೋಸ್ ಮೋಡ್ ಎಂಬ ಸಾಲಿದೆ. ಅಲ್ಲಿ ಯುಇಎಫ್‌ಐ ಎಂದಿದ್ದರೆ ಲಿನಕ್ಸಿನ ಪೆನ್‌ಡ್ರೈವನ್ನೂ ಯುಇಎಫ್‌ಐ ಬಗೆಯಲ್ಲೇ ಏಳಿಸಬೇಕು, ಲೆಗಸಿ ಎಂದಿದ್ದರೆ ಅದರಂತೆ. ಒಂದನ್ನು ಒಂದು ಬಗೆಯಲ್ಲಿ, ಇನ್ನೊಂದನ್ನು ಇನ್ನೊಂದು ಬಗೆಯಲ್ಲಿ ಹಾಕಿದರೆ ಒಂದರ ಮೆನುವಿನಿಂದ ಇನ್ನೊಂದಕ್ಕೆ ಹೋಗಲು ಆಗುವುದಿಲ್ಲ, ಮತ್ತು ನಾನು ಕಂಡ ಕೆಟ್ಟ ಹೊಂದಾಣಿಕೆಗಳಲ್ಲಿ ಅರ್ಧದಷ್ಟಕ್ಕೆ ಇದೊಂದೇ ಕಾರಣ. ಲಿನಕ್ಸ್ ಕಡೆಯಿಂದ ನೋಡುವುದಾದರೆ /ಸಿಸ್/ಫರ್ಮ್‌ವೇರ್/ಇಎಫ್‌ಐ ಎಂಬ ಫೋಲ್ಡರ್ ಇದ್ದರೆ ಯುಇಎಫ್‌ಐ ಬಗೆಯಲ್ಲಿ ಎದ್ದಿದೆ ಎಂದು ಅರ್ಥ.

ಎರಡನೆಯದಾಗಿ ಬಿಟ್‌ಲಾಕರ್. ಡಿಸ್ಕನ್ನು ಗೂಢಲಿಪಿಯಲ್ಲಿಡುವ ಈ ಸೌಲಭ್ಯ ಚಾಲೂ ಆಗಿದ್ದರೆ, ಯಂತ್ರ ಏಳುವ ಕ್ರಮದಲ್ಲಿ ಬದಲಾವಣೆಯಾದದ್ದನ್ನು ಕೀಲಿಗಳನ್ನು ಕಾಯುವ ಟಿಪಿಎಂ ಚಿಪ್ಪಿನ ಮೂಲಕ ಅದು ಗುರುತಿಸಿ 48 ಅಂಕಿಗಳ ಮರುಪಡೆಯುವ ಕೀಲಿಯನ್ನು ಕೇಳುತ್ತದೆ. ಆ ಕೀಲಿ ಇಲ್ಲದಿದ್ದರೆ ಒಳಗಿರುವುದು ಯಾವುದೂ ಸಿಗುವುದಿಲ್ಲ. ಅದು ತನ್ನ ಯಂತ್ರದಲ್ಲಿ ಚಾಲೂ ಇದೆ ಎಂಬುದೇ ಹಲವರಿಗೆ ಗೊತ್ತಿರುವುದಿಲ್ಲವಾದ್ದರಿಂದ ಬೇರೆ ಯಾವ ಹೆಜ್ಜೆಗೂ ಮೊದಲು ಇದನ್ನು ನೋಡಿ, ಕೀಲಿಯನ್ನು ಕಾಗದದ ಮೇಲೆ ಬರೆದಿಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಲ್ಯಾಪ್‌ಟಾಪಿನೊಳಗಿನ ಕಡತದಲ್ಲಿ ಬರೆದಿಟ್ಟರೆ ಪ್ರಯೋಜನವಿಲ್ಲ.

ಮೂರನೆಯದು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್. ಇದು ಚಾಲೂ ಇದ್ದಾಗ ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಕರ್ನಲಿನ ಸ್ಥಿತಿಯನ್ನು ಡಿಸ್ಕಿಗೆ ಬರೆದು ಅರೆನಿದ್ರೆಗೆ ಹೋಗುತ್ತದೆ, ತನ್ನ ಎನ್‌ಟಿಎಫ್‌ಎಸ್ ಪಾರ್ಟಿಷನ್ನನ್ನು ತೆರೆದ ಸ್ಥಿತಿಯಲ್ಲೇ ಬಿಟ್ಟಿರುತ್ತದೆ. ಆಗ ಲಿನಕ್ಸ್ ಆ ಪಾರ್ಟಿಷನ್ನನ್ನು ಓದಲು ಮಾತ್ರ ಬಿಡುತ್ತದೆ, ಬಲವಂತದಿಂದ ಬರೆದರೆ ಕಡತಗಳು ಕೆಡಬಹುದು. ನನ್ನ ಪುಸ್ತಕಗಳೆಲ್ಲ ಅದೇ ಪಾರ್ಟಿಷನ್ನಿನಲ್ಲಿರುವುದರಿಂದ ನಾನು ಅಡ್ಮಿನಿಸ್ಟ್ರೇಟರ್ ಆಗಿ ಪವರ್‌ಸಿಎಫ್‌ಜಿ ಆಜ್ಞೆಯಿಂದ ಹೈಬರ್ನೇಟ್ ಸೌಲಭ್ಯವನ್ನೇ ನಿಲ್ಲಿಸಿದೆ. ಅದರೊಂದಿಗೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ವಿಂಡೋಸಿನ ಪಾರ್ಟಿಷನ್ನನ್ನು ಕುಗ್ಗಿಸುವ ಕೆಲಸವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿಗೇ ಬಿಟ್ಟೆ. ಕೆಲವು ಯಂತ್ರಗಳಲ್ಲಿ ಡಿಸ್ಕ್ ನಿಯಂತ್ರಕ ರೇಡ್ ಬಗೆಯಲ್ಲಿದ್ದು ಲಿನಕ್ಸಿಗೆ ಡಿಸ್ಕೇ ಕಾಣದಿರುವುದುಂಟು. ಅಂಥ ಕಡೆ ಎಎಚ್‌ಸಿಐ ಎಂಬ ಬಗೆಗೆ ಬದಲಿಸಬೇಕಾಗುತ್ತದೆ. ನನ್ನದರಲ್ಲಿ ಆ ತೊಂದರೆ ಇರಲಿಲ್ಲ.

ಅನುಸ್ಥಾಪನೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದೇ ಎಚ್ಚರ: ವಿಂಡೋಸ್ ಮಾಡಿಟ್ಟ ಇಎಸ್‌ಪಿಯನ್ನೇ ಡೆಬಿಯನ್ನಿಗೂ ಫೆಡೋರಾಕ್ಕೂ ತೋರಿಸಬೇಕು, ಮತ್ತು ಅದನ್ನು ಯಾವ ಕಾರಣಕ್ಕೂ ಫಾರ್ಮ್ಯಾಟ್ ಮಾಡಬಾರದು. ಅದು 100 ಎಂಬಿಯಷ್ಟೇ ಇದ್ದರೂ ಬೂಟ್ ಲೋಡರುಗಳಿಗೆ ಸಾಕಾಗುತ್ತದೆ, ಏಕೆಂದರೆ ಡೆಬಿಯನ್ ಮತ್ತು ಫೆಡೋರಾ ತಮ್ಮ ಕರ್ನಲುಗಳನ್ನು ಸಾಮಾನ್ಯವಾಗಿ ಅಲ್ಲಿ ಇಡುವುದಿಲ್ಲ. ಮೊದಲು ಫೆಡೋರಾ, ಆಮೇಲೆ ಡೆಬಿಯನ್ ಹಾಕಿದೆ. ಕೊನೆಗೆ ಬಂದದ್ದು ಅನುಕ್ರಮದಲ್ಲಿ ಮೊದಲ ಸ್ಥಾನ ಹಿಡಿಯುತ್ತದೆ, ದಿನವೂ ಕಾಣುವ ಮೆನು ಡೆಬಿಯನ್ನಿನದೇ ಆಗಿರಲಿ ಎಂಬುದು ನನ್ನ ಇಷ್ಟ.

ಡೆಬಿಯನ್ ಎದ್ದಿತು, ಆದರೆ ಮೆನುವಿನಲ್ಲಿ ವಿಂಡೋಸ್ ಇರಲಿಲ್ಲ. ಇಲ್ಲಿ ಎದೆ ಒಡೆದುಕೊಳ್ಳುವವರು ಬಹಳ. 2021ರಲ್ಲಿ ಬಂದ ಗ್ರಬ್ 2.06ರಿಂದ ಮುಂದಕ್ಕೆ, ಬೇರೆ ವ್ಯವಸ್ಥೆಗಳನ್ನು ಹುಡುಕುವ ಓಎಸ್-ಪ್ರೋಬರ್ ಎಂಬ ಸಹಾಯಕ ತಂತ್ರಾಂಶವನ್ನು ಸುರಕ್ಷತೆಯ ದೃಷ್ಟಿಯಿಂದ ತಾನಾಗಿ ನಡೆಯದಂತೆ ಮಾಡಿದ್ದಾರೆ. ಅದು ಎಲ್ಲ ಪಾರ್ಟಿಷನ್‌ಗಳನ್ನೂ ರೂಟ್ ಅಧಿಕಾರದಲ್ಲಿ, ಅಂದರೆ ಯಂತ್ರದ ಪೂರ್ಣ ಅಧಿಕಾರದಲ್ಲಿ, ತೆರೆದು ನೋಡುತ್ತದೆ. ಅಪರಿಚಿತ ಪಾರ್ಟಿಷನ್ನನ್ನು ಹಾಗೆ ತೆರೆಯುವುದು ಅಪಾಯ ಎಂಬ ಅವರ ತರ್ಕ ನನಗೆ ಸರಿಯೆಂದೇ ತೋರುತ್ತದೆ. ಡೆಬಿಯನ್ 12ರಲ್ಲಿರುವುದು ಇದೇ ಗ್ರಬ್. /ಇಟಿಸಿ/ಡಿಫಾಲ್ಟ್/ಗ್ರಬ್ ಎಂಬ ಕಡತದಲ್ಲಿ ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್ ಎಂಬುದಕ್ಕೆ ಫಾಲ್ಸ್ ಎಂಬ ಬೆಲೆ ಕೊಟ್ಟು ಅಪ್‌ಡೇಟ್-ಗ್ರಬ್ ಆಜ್ಞೆ ನಡೆಸಿದರೆ ವಿಂಡೋಸ್ ಮೆನುವಿಗೆ ಬರುತ್ತದೆ.

ನಾನು ಹಾಗೆ ಮಾಡಿದೆ, ಆಮೇಲೆ ತೆಗೆದುಹಾಕಿದೆ. ಕಾರಣ ಫೆಡೋರಾ. ಓಎಸ್-ಪ್ರೋಬರ್ ಇನ್ನೊಂದು ಲಿನಕ್ಸನ್ನು ಕಂಡಾಗ ಅದರ ಕರ್ನಲ್ ಯಾವುದು, ಅದಕ್ಕೆ ಕೊಡುವ ಸೂಚನೆಗಳೇನು ಎಂಬುದನ್ನೆಲ್ಲ ನಕಲಿಸಿ ತನ್ನ ಮೆನುವಿನೊಳಗೆ ಬರೆದುಕೊಳ್ಳಲು ಯತ್ನಿಸುತ್ತದೆ. ಫೆಡೋರಾದಲ್ಲಿ 2019ರ 30ನೆಯ ಆವೃತ್ತಿಯಿಂದ ಪ್ರತಿಯೊಂದು ಕರ್ನಲಿಗೂ ಬೇರೆ ಬೇರೆ ಸಣ್ಣ ಕಡತವಿರುವ ಪದ್ಧತಿ ಬಂದಿದೆ. ಹೀಗಾಗಿ ಮೆನುವಿನ ಕಡತವನ್ನು ಓದಿ ಕರ್ನಲಿನ ಹೆಸರನ್ನು ಹೆಕ್ಕುವ ಹಳೆಯ ಉಪಾಯ ಅಲ್ಲಿ ನಡೆಯುವುದಿಲ್ಲ. ನಡೆದರೂ ಏನು? ಫೆಡೋರಾ ವಾರಕ್ಕೊಮ್ಮೆ ಹೊಸ ಕರ್ನಲ್ ತಂದು ಹಳೆಯದನ್ನು ಅಳಿಸಿದರೆ, ಡೆಬಿಯನ್ನಿನ ಮೆನುವಿನಲ್ಲಿ ಉಳಿದ ನಕಲು ಇಲ್ಲದ ಕಡತದತ್ತ ಕೈತೋರಿಸುತ್ತಿರುತ್ತದೆ. ಯೋಚಿಸಿ ನೋಡಿದರೆ ಇದು ಲಿಲೋ ಕಾಲದ ಆ ಹಳೆಯ ತೊಡಕೇ. ಒಬ್ಬರ ಮನೆಯ ಲೆಕ್ಕವನ್ನು ಇನ್ನೊಬ್ಬರ ಪುಸ್ತಕದಲ್ಲಿ ಬರೆದಿಟ್ಟರೆ ಎರಡೂ ತಾಳೆಯಾಗದ ದಿನ ಬಂದೇ ಬರುತ್ತದೆ.

ಆದ್ದರಿಂದ ನನ್ನ ಮೆನುವಿನಲ್ಲಿ ಯಾರ ಕರ್ನಲಿನ ವಿವರವೂ ಇಲ್ಲ. ಪ್ರತಿಯೊಂದು ವ್ಯವಸ್ಥೆಯ ಬೂಟ್ ಲೋಡರನ್ನು ಅದರ ಫೋಲ್ಡರಿನಲ್ಲೇ ಬಿಟ್ಟು, ಡೆಬಿಯನ್ನಿನ ಗ್ರಬ್ ಆ ಬೂಟ್ ಲೋಡರಿಗೆ ಅಧಿಕಾರ ಒಪ್ಪಿಸಿ ಸರಿದು ನಿಲ್ಲುವಂತೆ ಮಾಡಿದ್ದೇನೆ. ಇದಕ್ಕೆ ಚೈನ್‌ಲೋಡಿಂಗ್ ಎನ್ನುತ್ತಾರೆ. /ಇಟಿಸಿ/ಗ್ರಬ್.ಡಿ ಫೋಲ್ಡರಿನ 40_ಕಸ್ಟಮ್ ಎಂಬ ಕಡತದಲ್ಲಿ ನಾವೇ ಬರೆದ ನಮೂದುಗಳನ್ನು ಅಪ್‌ಡೇಟ್-ಗ್ರಬ್ ಅಳಿಸುವುದಿಲ್ಲ, ಇದ್ದಂತೆಯೇ ಮೆನುವಿಗೆ ಸೇರಿಸುತ್ತದೆ. ಅಲ್ಲಿ ಒಂದು ಮೆನುಎಂಟ್ರಿ, ಅದರೊಳಗೆ ಎರಡೇ ಸಾಲು. ಮೊದಲನೆಯದು ಸರ್ಚ್ ಆಜ್ಞೆ; ಇಎಸ್‌ಪಿಯನ್ನು ಅದರದೇ ಗುರುತಿನ ಸಂಖ್ಯೆಯಾದ ಯುಯುಐಡಿಯಿಂದ ಹುಡುಕಿ ರೂಟ್ (ಕಡತ ಹುಡುಕಬೇಕಾದ ಪಾರ್ಟಿಷನ್) ಎಂದು ಗುರುತಿಸುತ್ತದೆ. ಎರಡನೆಯದು ಚೈನ್‌ಲೋಡರ್ ಆಜ್ಞೆ. ಅದರ ಮುಂದೆ ಕಡತದ ವಿಳಾಸ. ವಿಂಡೋಸಿಗೆ ಆ ವಿಳಾಸ /ಇಎಫ್‌ಐ/ಮೈಕ್ರೋಸಾಫ್ಟ್/ಬೂಟ್ ಫೋಲ್ಡರಿನಲ್ಲಿರುವ ಬೂಟ್‌ಎಂಜಿಎಫ್‌ಡಬ್ಲ್ಯೂ ಕಡತ. ಫೆಡೋರಾಕ್ಕೆ /ಇಎಫ್‌ಐ/ಫೆಡೋರಾ ಫೋಲ್ಡರಿನ ಶಿಮ್‌ಎಕ್ಸ್64. ಡಿಸ್ಕನ್ನು ಮೊದಲನೆಯದು ಎರಡನೆಯದು ಎಂದು ಕ್ರಮಸಂಖ್ಯೆಯಿಂದ ಕರೆಯದೆ ಯುಯುಐಡಿಯಿಂದಲೇ ಕರೆಯಬೇಕು. ಇನ್ನೊಂದು ಡಿಸ್ಕನ್ನು ಸಿಕ್ಕಿಸಿದ ದಿನ ಕ್ರಮಸಂಖ್ಯೆಗಳು ಅದಲುಬದಲಾಗಬಹುದು. ಫೆಡೋರಾವನ್ನು ಆರಿಸಿದಾಗ ಒಂದು ಮೆನುವಿನ ಹಿಂದೆ ಇನ್ನೊಂದು ಮೆನು ಬರುತ್ತದೆ, ಐದಾರು ಸೆಕೆಂಡು ಹೆಚ್ಚು ಹಿಡಿಯುತ್ತದೆ. ಅಷ್ಟು ಕಾಯಲು ನನಗೆ ಬೇಸರವಿಲ್ಲ.

ಫೆಡೋರಾದ ಗ್ರಬ್ ಕಡತವನ್ನು ನೇರವಾಗಿ ಕರೆಯದೆ ಶಿಮ್ ಕಡತವನ್ನೇ ಏಕೆ ಕರೆಯಬೇಕು ಎಂಬುದಕ್ಕೆ ಸೆಕ್ಯೂರ್ ಬೂಟ್ ಕಾರಣ. 2012ರಲ್ಲಿ ವಿಂಡೋಸ್ 8ರೊಂದಿಗೆ ಜನಬಳಕೆಗೆ ಬಂದ ಈ ಏರ್ಪಾಡಿನಲ್ಲಿ, ಫರ್ಮ್‌ವೇರ್ ತನಗೆ ಪರಿಚಿತವಾದ ಸಹಿ ಇರುವ ಕಡತವನ್ನು ಮಾತ್ರ ನಡೆಸುತ್ತದೆ. ಹೆಚ್ಚಿನ ಯಂತ್ರಗಳಲ್ಲಿ ಪರಿಚಿತವಾದದ್ದು ಮೈಕ್ರೋಸಾಫ್ಟಿನ ಸಹಿ. ಲಿನಕ್ಸ್ ವಿತರಣೆಗಳು ಪ್ರತಿ ಸಲವೂ ಅವರ ಸಹಿಗೆ ಕಾಯುವುದು ಆಗದ ಮಾತಾದ್ದರಿಂದ, ಶಿಮ್ ಎಂಬ ಸಣ್ಣ ತಂತ್ರಾಂಶಕ್ಕೆ ಮಾತ್ರ ಆ ಸಹಿ ಪಡೆದು, ಅದರೊಳಗೆ ತಮ್ಮ ತಮ್ಮ ಕೀಲಿಯನ್ನು ಇಟ್ಟಿವೆ. ಡೆಬಿಯನ್ನಿನ ಶಿಮ್‌ಗೆ ಡೆಬಿಯನ್ನಿನ ಕೀಲಿ ಗೊತ್ತು, ಫೆಡೋರಾದ ಶಿಮ್‌ಗೆ ಫೆಡೋರಾದ ಕೀಲಿ ಗೊತ್ತು. ಡೆಬಿಯನ್ನಿನಿಂದ ನೇರವಾಗಿ ಫೆಡೋರಾದ ಗ್ರಬ್ಬನ್ನು ಕರೆದರೆ ಪರಿಚಯವಿಲ್ಲದ ಸಹಿ ಎಂದು ಬಾಗಿಲು ಮುಚ್ಚುತ್ತದೆ. ಸೆಕ್ಯೂರ್ ಬೂಟನ್ನು ಮೊದಲು ನಿಲ್ಲಿಸಿಬಿಡಿ ಎಂದು ಸಲಹೆ ಕೊಡುವವರಿದ್ದಾರೆ. ಡೆಬಿಯನ್ 2019ರ 10ನೆಯ ಆವೃತ್ತಿಯಿಂದ ಇದನ್ನು ಬೆಂಬಲಿಸುತ್ತಿರುವಾಗ ಆ ಸಲಹೆಗೆ ಈಗ ಆಧಾರವಿಲ್ಲ. ಆದರೆ ಗ್ರಬ್ಬಿನಲ್ಲೂ ದೋಷಗಳು ಸಿಕ್ಕಿವೆ. 2020ರ ಜುಲೈಯಲ್ಲಿ ಬೂಟ್‌ಹೋಲ್ ಎಂಬ ಹೆಸರಿನ ದೋಷ ಬಯಲಾದ ಮೇಲೆ ಹಳೆಯ, ದೋಷವಿರುವ ಆವೃತ್ತಿಗಳನ್ನು ತಿರಸ್ಕರಿಸಲು ಎಸ್‌ಬಿಎಟಿ ಎಂಬ ಕ್ರಮ ಬಂದಿತು. ಇದರಿಂದ ಬಹುವ್ಯವಸ್ಥೆಯ ಯಂತ್ರ ಇಟ್ಟುಕೊಂಡವರಿಗೆ ಒಂದು ಹೊಣೆ ಹೆಚ್ಚಾಗಿದೆ. ಒಂದು ವ್ಯವಸ್ಥೆಯ ಅಪ್‌ಡೇಟಿನಿಂದ ತಿರಸ್ಕಾರದ ಪಟ್ಟಿ ಮುಂದಕ್ಕೆ ಹೋದರೆ, ತಿಂಗಳುಗಟ್ಟಲೆ ಅಪ್‌ಡೇಟ್ ಕಾಣದ ಇನ್ನೊಂದು ವ್ಯವಸ್ಥೆಯ ಶಿಮ್ ಒಂದು ಬೆಳಗ್ಗೆ ತಿರಸ್ಕೃತವಾಗಬಹುದು. ಹಾಗಾಗಿ ನಾನು ಬಳಸದಿದ್ದರೂ ತಿಂಗಳಿಗೊಮ್ಮೆ ಫೆಡೋರಾವನ್ನು ತೆರೆದು ಅಪ್‌ಡೇಟ್ ಮಾಡುತ್ತೇನೆ.

ಬಿಟ್‌ಲಾಕರ್ ಇರುವವರು ವಿಂಡೋಸಿಗೆ ಗ್ರಬ್ಬಿನ ಮೂಲಕ ಹೋಗದಿರುವುದೇ ಮೇಲು. ನಡುವೆ ಶಿಮ್ ಮತ್ತು ಗ್ರಬ್ ಬಂದರೆ ಟಿಪಿಎಂ ಅಳೆಯುವ ಬೆಲೆಗಳು ಬದಲಾಗಿ ಆ 48 ಅಂಕಿಗಳನ್ನು ಮತ್ತೆ ಮತ್ತೆ ಕೇಳಬಹುದು. ಅಂಥವರು ಫರ್ಮ್‌ವೇರಿನ ಮೆನುವಿನಿಂದಲೇ ವಿಂಡೋಸನ್ನು ಆರಿಸಬೇಕು, ಇಲ್ಲವೇ ಲಿನಕ್ಸಿನಲ್ಲಿ ಇಎಫ್‌ಐಬೂಟ್‌ಎಂಜಿಆರ್ ಆಜ್ಞೆಗೆ ಎನ್ ಎಂಬ ಆಯ್ಕೆಯನ್ನೂ ವಿಂಡೋಸಿನ ನಮೂದಿನ ಸಂಖ್ಯೆಯನ್ನೂ ಕೊಟ್ಟು ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು; ಮುಂದಿನ ಒಂದು ಸಲಕ್ಕೆ ಮಾತ್ರ ವಿಂಡೋಸ್ ನೇರವಾಗಿ ಏಳುತ್ತದೆ, ಶಾಶ್ವತ ಅನುಕ್ರಮ ಬದಲಾಗುವುದಿಲ್ಲ.

ಗಡಿಯಾರದ ವಿಷಯ ಬೂಟ್ ಲೋಡರಿನದಲ್ಲವಾದರೂ ಎರಡು ವ್ಯವಸ್ಥೆ ಹಾಕಿದ ಮೊದಲ ದಿನವೇ ನಮ್ಮವರೆಲ್ಲರೂ ಕೇಳುವ ಪ್ರಶ್ನೆ ಇದು. ಮದರ್‌ಬೋರ್ಡಿನ ಗಡಿಯಾರದಲ್ಲಿರುವುದು ಸ್ಥಳೀಯ ಸಮಯ ಎಂದು ವಿಂಡೋಸ್ ನಂಬುತ್ತದೆ, ಲಿನಕ್ಸ್ ಅದನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಎಂದು ಓದುತ್ತದೆ. ನಮ್ಮ ದೇಶದ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವುದರಿಂದ, ಲಿನಕ್ಸಿನಿಂದ ವಿಂಡೋಸಿಗೆ ಬಂದಾಗ ಬೆಳಗಿನ 10 ಗಂಟೆ 4.30 ಎಂದು ಕಾಣುತ್ತದೆ. ಲಿನಕ್ಸಿನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆಜ್ಞೆಯಿಂದ ಸ್ಥಳೀಯ ಸಮಯಕ್ಕೆ ಬದಲಿಸಬಹುದು. ಆದರೆ ಎರಡು ಲಿನಕ್ಸ್ ಇರುವಾಗ ಎರಡರಲ್ಲೂ ಬದಲಿಸಬೇಕಾದ್ದರಿಂದ ನಾನು ವಿಂಡೋಸಿನ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಎಂಬ ಬೆಲೆಯನ್ನು 1 ಎಂದು ಸೇರಿಸಿ ಅದನ್ನೇ ಯುಟಿಸಿಗೆ ಒಗ್ಗಿಸಿದೆ. ಪೇಜ್‌ಮೇಕರ್ ಕಡತಗಳಲ್ಲಿ ಯಾವುದು ಇತ್ತೀಚಿನ ತಿದ್ದುಪಡಿ ಎಂದು ದಿನಾಂಕ ಸಮಯ ನೋಡಿಯೇ ಗುರುತಿಸುವ ನನಗೆ ಇದು ಸಣ್ಣ ವಿಷಯವಲ್ಲ.

ಎಲ್ಲ ಸರಿಯಾಗಿ ಎಂಟು ತಿಂಗಳು ನಡೆದ ಮೇಲೆ ಒಂದು ಸಂಜೆ ಯಂತ್ರ ನೇರವಾಗಿ ವಿಂಡೋಸಿಗೆ ಹೋಯಿತು. ಗ್ರಬ್ಬಿನ ಮೆನು ಬರಲೇ ಇಲ್ಲ. ಹಿಂದಿನ ದಿನ ಲ್ಯಾಪ್‌ಟಾಪ್ ತಯಾರಕರ ಫರ್ಮ್‌ವೇರ್ ಅಪ್‌ಡೇಟನ್ನು ಹಾಕಿದ್ದೆ. ವಿಂಡೋಸ್ ಲಿನಕ್ಸನ್ನು ಅಳಿಸಿತು ಎಂದು ಮನಸ್ಸಿಗೆ ಹೊಳೆದದ್ದು ಹಳೆಯ ಬಯೋಸ್ ಕಾಲದ ಅಭ್ಯಾಸದಿಂದ. ಡೆಬಿಯನ್ನಿನ ಲೈವ್ ಪೆನ್‌ಡ್ರೈವನ್ನು (ಡಿಸ್ಕಿಗೆ ಹಾಕದೆ ನೇರವಾಗಿ ನಡೆಯುವ ಡೆಬಿಯನ್ ಇರುವ ಪೆನ್‌ಡ್ರೈವನ್ನು) ಯುಇಎಫ್‌ಐ ಬಗೆಯಲ್ಲಿ ಏಳಿಸಿ ಇಎಸ್‌ಪಿಯನ್ನು ಮೌಂಟ್ ಮಾಡಿ, ಅಂದರೆ ಓದಲು ತೆರೆದು, ನೋಡಿದರೆ ಮೂರು ಫೋಲ್ಡರುಗಳೂ, ಅವುಗಳೊಳಗಿನ ಕಡತಗಳೂ ಇದ್ದಲ್ಲೇ ಇದ್ದವು. ಇಎಫ್‌ಐಬೂಟ್‌ಎಂಜಿಆರ್ ಪಟ್ಟಿಯಲ್ಲಿ ಮಾತ್ರ ಡೆಬಿಯನ್ ಮತ್ತು ಫೆಡೋರಾದ ನಮೂದುಗಳಿರಲಿಲ್ಲ. ಅಪ್‌ಡೇಟ್ ಮದರ್‌ಬೋರ್ಡಿನ ಪಟ್ಟಿಯನ್ನು ಹೊಸದಾಗಿ ಬರೆದಿತ್ತು, ಡಿಸ್ಕನ್ನು ಯಾರೂ ಮುಟ್ಟಿರಲಿಲ್ಲ. ಅದೇ ಆಜ್ಞೆಗೆ ಕ್ರಿಯೇಟ್ ಎಂಬ ಆಯ್ಕೆ ಕೊಟ್ಟು, ಡಿಸ್ಕಿನ ಹೆಸರು, ಇಎಸ್‌ಪಿಯ ಪಾರ್ಟಿಷನ್ ಸಂಖ್ಯೆ, ಡೆಬಿಯನ್ ಎಂಬ ಹೆಸರು ಮತ್ತು ಡೆಬಿಯನ್ ಫೋಲ್ಡರಿನ ಶಿಮ್‌ಎಕ್ಸ್64ರ ವಿಳಾಸ ಬರೆದು ಎಂಟರ್ ಒತ್ತಿದೆ. ಫೆಡೋರಾಕ್ಕೂ ಅದೇ. ಎದ್ದು ನೀರು ಕುಡಿದು ಬರುವಷ್ಟು ಹೊತ್ತಿನಲ್ಲಿ ಕೆಲಸ ಮುಗಿದಿತ್ತು. ಇದನ್ನು ತಿಳಿಯದ ದಿನಗಳಲ್ಲಿ ನಾನು ಇಂಥ ಸ್ಥಿತಿಯಲ್ಲಿ ಇಡೀ ಲಿನಕ್ಸನ್ನು ಎರಡು ಸಲ ಮೊದಲಿನಿಂದ ಹಾಕಿದ್ದೇನೆ, ಅದರಲ್ಲಿ ಒಂದು ಸಲ ಮನೆಯವರ ಚಿತ್ರಗಳನ್ನೂ ಕಳೆದುಕೊಂಡಿದ್ದೇನೆ. ಆ ಚಿತ್ರಗಳ ನೆನಪೇ ಈ ಬರಹವನ್ನು ಬರೆಸಿತು.

ಒಂದು ವೇಳೆ ಕಡತಗಳೇ ಹೋಗಿದ್ದರೆ ದಾರಿ ಸ್ವಲ್ಪ ಉದ್ದ. ಲೈವ್ ಪೆನ್‌ಡ್ರೈವಿನಿಂದ ಡೆಬಿಯನ್ನಿನ ರೂಟ್, ಅಂದರೆ ಮುಖ್ಯ, ಪಾರ್ಟಿಷನ್ನನ್ನು ಮೌಂಟ್ ಮಾಡಿ, ಅದರ /ಬೂಟ್/ಇಎಫ್‌ಐ ಜಾಗಕ್ಕೆ ಇಎಸ್‌ಪಿಯನ್ನು ಸೇರಿಸಿ, ಡೆವ್, ಪ್ರೊಕ್, ಸಿಸ್ ಫೋಲ್ಡರುಗಳನ್ನೂ ಇಎಫ್‌ಐವಾರ್ಸ್ ಜಾಗವನ್ನೂ ಜೋಡಿಸಿ, ಸಿಎಚ್‌ರೂಟ್ ಆಜ್ಞೆಯ ಮೂಲಕ ಆ ಡೆಬಿಯನ್ನಿನ ಒಳಹೊಕ್ಕು ಗ್ರಬ್-ಇನ್‌ಸ್ಟಾಲ್ ಮತ್ತು ಅಪ್‌ಡೇಟ್-ಗ್ರಬ್ ನಡೆಸಬೇಕು. ಫೆಡೋರಾದಲ್ಲಿ ಮಾತ್ರ ಯುಇಎಫ್‌ಐ ಯಂತ್ರಗಳ ಮೇಲೆ ಗ್ರಬ್2-ಇನ್‌ಸ್ಟಾಲ್ ನಡೆಸಬಾರದು. ಅದು ಸಹಿಯಿಲ್ಲದ ಕಡತವನ್ನು ತಯಾರಿಸುತ್ತದೆ. ಅಲ್ಲಿ ಶಿಮ್ ಮತ್ತು ಗ್ರಬ್2-ಇಎಫ್‌ಐ ಪ್ಯಾಕೇಜುಗಳನ್ನು ಮರುಸ್ಥಾಪಿಸುವುದೇ ಸರಿಯಾದ ವಿಧಾನ. ಕಪ್ಪು ತೆರೆಯ ಮೇಲೆ ಗ್ರಬ್ ಎಂಬ ಹೆಸರು ಮತ್ತು ಬಾಣದ ಗುರುತು ಮಾತ್ರ ಕಂಡರೆ ಗಾಬರಿಯಾಗಬೇಕಾಗಿಲ್ಲ, ಗ್ರಬ್ ಎದ್ದಿದೆ, ತನ್ನ ಮೆನುವಿನ ಕಡತ ಸಿಗದೆ ನಿಮ್ಮನ್ನು ಕೇಳುತ್ತಿದೆ ಎಂದಷ್ಟೇ ಅದರ ಅರ್ಥ. ಎಲ್ಎಸ್ ಆಜ್ಞೆಯಿಂದ ಪಾರ್ಟಿಷನ್‌ಗಳನ್ನು ಒಂದೊಂದಾಗಿ ನೋಡಿ, ಡೆಬಿಯನ್ ಇರುವುದನ್ನು ಸೆಟ್ ಆಜ್ಞೆಯಿಂದ ರೂಟ್ ಎಂದು ಗುರುತಿಸಿ, ಕಾನ್ಫಿಗ್‌ಫೈಲ್ ಆಜ್ಞೆಯ ಮುಂದೆ ಗ್ರಬ್.ಸಿಎಫ್‌ಜಿ ಕಡತದ ವಿಳಾಸ ಕೊಟ್ಟರೆ ಮೆನು ಬರುತ್ತದೆ.

ಮೆನುವಿನ ನಮೂದುಗಳಿಗೆ ಕನ್ನಡದಲ್ಲಿ ಹೆಸರಿಡುವ ಆಸೆ ನನಗಿತ್ತು, ಇಟ್ಟೂ ನೋಡಿದೆ. ಗ್ರಬ್ಬಿನ ಯುನಿಕೋಡ್ ಅಕ್ಷರಶೈಲಿಯಲ್ಲಿ ಕನ್ನಡದ ಅಕ್ಷರಗಳಿವೆ, ಆದರೆ ಅವುಗಳನ್ನು ಕೂಡಿಸಿ ಒತ್ತಕ್ಷರ ಮಾಡುವ ವಿದ್ಯೆ ಗ್ರಬ್ಬಿಗೆ ಇಲ್ಲದ್ದರಿಂದ ಒತ್ತುಗಳು ಕಳಚಿ ಬೇರೆಯಾಗಿ ನಿಂತವು. ಹಾಗಾಗಿ ಮೂರು ಹೆಸರುಗಳೂ ಸದ್ಯಕ್ಕೆ ಇಂಗ್ಲಿಷಿನಲ್ಲೇ ಇವೆ. 40_ಕಸ್ಟಮ್ ಕಡತದ ಒಂದು ಮುದ್ರಿತ ಪ್ರತಿ, ಇಎಫ್‌ಐಬೂಟ್‌ಎಂಜಿಆರ್ ತೋರಿಸಿದ ಪಟ್ಟಿ ಮತ್ತು ಇಎಸ್‌ಪಿಯ ಯುಯುಐಡಿಯನ್ನು ಒಂದು ಲಕೋಟೆಯಲ್ಲಿ ಹಾಕಿ, ಲೈವ್ ಪೆನ್‌ಡ್ರೈವಿನ ಜೊತೆಗೆ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಇಎಸ್‌ಪಿಯ ಎಲ್ಲ ಕಡತಗಳ ನಕಲೊಂದು ಅದೇ ಪೆನ್‌ಡ್ರೈವಿನಲ್ಲಿದೆ.